ಜಿಪಾರ್ ಕಚ್ಚಿಟ್ಟ ರೊಟ್ಟಿ

"ಒಂದು ಸಲ ಕಚ್ಚಿ ಹೋಗು ಮಗಾ. ಬರೀ ಒಂದು ಸಲ."

ಬಿಷ್ಕೆಕ್ ನಗರದ ಮೂರನೇ ಮಹಡಿಯ ಮನೆಯ ಬಾಗಿಲಲ್ಲಿ ಅಮ್ಮ ದುಂಡನೆಯ ರೊಟ್ಟಿ ಹಿಡಿದು ನಿಂತಿದ್ದಳು. ಊರು ಬಿಟ್ಟು ಹೊರಡುವವರು ರೊಟ್ಟಿ ಕಚ್ಚಿ ಹೋಗಬೇಕು. ಉಳಿದದ್ದನ್ನು ಅವರ ಹೆಸರು ಕೂಗಿ ಗೋಡೆಯ ಮೊಳೆಗೆ ತೂಗುಹಾಕಬೇಕು. ಮರಳಿ ಬಂದವರು ತಾವೇ ಅದನ್ನು ತಿಂದು ಮುಗಿಸಬೇಕು. ಕಚ್ಚಿಟ್ಟ ರೊಟ್ಟಿ ತನ್ನವರನ್ನು ಎಲ್ಲಿದ್ದರೂ ಮನೆಗೆ ಎಳೆದು ತರುತ್ತದೆ ಎಂದು ಅಮ್ಮ ನಂಬಿದ್ದಳು. ಮಿರ್ಲಾನ್ ಗಹಗಹಿಸಿ ನಕ್ಕುಬಿಟ್ಟ.

"ಯುದ್ಧಕ್ಕೆ ಹೋಗ್ತಿದೀನೇನಮ್ಮಾ? ಮೂರು ದಿನ ಇಸ್ಸಿಕ್-ಕುಲ್ ಸರೋವರದ ದಡದಲ್ಲಿ ಬಿದ್ಕೊಂಡು ಬರೋಕೆ! ತಿನ್ನೋದು, ಕುಡಿಯೋದು, ಈಜೋದು ಎಲ್ಲ ಸೇರಿಸಿ ದುಡ್ಡು ಕಟ್ಟಾಗಿದೆ. ಈ ಒಣ ರೊಟ್ಟಿಗೆ ಹೊಟ್ಟೇಲಿ ಜಾಗ ಇಲ್ಲ."

ಅವನ ಹೆಂಡತಿ ಜಿಪಾರ್ ನಗಲಿಲ್ಲ. ಎರಡು ವರ್ಷದ ಮಗಳನ್ನು ಅತ್ತೆಯ ಸೊಂಟಕ್ಕೆ ದಾಟಿಸಿ, ಬಗ್ಗಿ ರೊಟ್ಟಿಯ ಅಂಚು ಕಚ್ಚಿದಳು. ಅವಳ ಮುಂದಿನ ಹಲ್ಲು ಕೊಂಚ ಓರೆ. ಆ ಓರೆ ಗುರುತು ರೊಟ್ಟಿಯ ಮೇಲೆ ಹಾಗೇ ಮೂಡಿತು.

ರೆಸಾರ್ಟಿನಲ್ಲಿ ಕೈಗೆ ಕಿತ್ತಳೆ ಬಣ್ಣದ ಪಟ್ಟಿ ಬಿಗಿದರು. ಆ ಪಟ್ಟಿ ಇದ್ದವರಿಗೆ ಯಾವುದಕ್ಕೂ ಇಲ್ಲವೆನ್ನುವಂತಿಲ್ಲ. ಮಿರ್ಲಾನ್‌ಗಂತೂ ಕಣ್ಣು ಹೊಟ್ಟೆಗಿಂತ ದೊಡ್ಡದಾಯಿತು. ಹೊಗೆಯಾಡಿಸಿದ ಮೀನು, ಕುರಿಮಾಂಸದ ಪಲಾವು, ಜರ್ದಾಳು ಎಲ್ಲ ತಟ್ಟೆಗೆ ಪೇರಿಸುವುದು, ಮೂಸುವುದು, ಬಿಡುವುದು. ಊಟದ ಅಂಗಳದ ಮೂಲೆಯಲ್ಲಿ ತೊಕ್ತೊಬುಬು ಎಂಬ ಮುದುಕಿ ತಂದೂರಿಗೆ ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ಊಟಕ್ಕೂ ಅವನು ಬಿಸಿ ರೊಟ್ಟಿ ತೆಗೆದುಕೊಂಡು, ಒಂದು ಬಾಯಿ ಕಚ್ಚಿ ಪಕ್ಕಕ್ಕೆಸೆಯುತ್ತಿದ್ದ.

ಉಳಿದ ಎಂಜಲೆಲ್ಲ ಬುಟ್ಟಿಗೆ ಹೋಗುತ್ತಿತ್ತು. ಕಚ್ಚಿದ ರೊಟ್ಟಿಯನ್ನು ಮಾತ್ರ ಮುದುಕಿ ತಾನೇ ಬಂದು ಬಿಳಿ ಬಟ್ಟೆಯಲ್ಲಿ ಎತ್ತಿಕೊಳ್ಳುತ್ತಿದ್ದಳು.

"ಬಿಟ್ಯಾ ಮಗಾ?"

"ಬಿಟ್ಟೆ ಅಜ್ಜೀ, ನೀನೇ ಇಟ್ಕೋ! ಉಪ್ಪಿನಕಾಯಿ ಹಾಕು!"

ಮುದುಕಿ ಎರಡೂ ಕೈ ಎತ್ತಿದಳು. ಹರಸುವವರ ಅಂಗೈ ತಮ್ಮ ಮುಖದ ಕಡೆಗಿರುತ್ತದೆ. ಇವಳ ಅಂಗೈ ಹೊರಗೆ ತಿರುಗಿತ್ತು. ಜಿಪಾರ್‌ಳ ಮುಖ ಬಿಳುಚಿತು.

"ನೋಡಿದ್ಯಾ? ಅದು ಹರಕೆ ಅಲ್ಲ ಕಣೋ, ಶಾಪ. ನಡಿ, ಮನೆಗೆ ಹೋಗೋಣ. ಮಗೂನ ನೋಡ್ಬೇಕು ಅನ್ನಿಸ್ತಿದೆ."

"ಮುದುಕಿಗೆ ಮಣಿಕಟ್ಟು ನೋವು ಇರ್ಬೇಕು. ಸುಮ್ನಿರು."

ಕೊನೆಯ ದಿನ ತಿಂಡಿಯ ಹೊತ್ತಿಗೆ ಅವನು ಚೇಷ್ಟೆಗೆಂದು ಬಿಸಿ ರೊಟ್ಟಿಯನ್ನು ಜಿಪಾರ್‌ಳ ಬಾಯಿಗೇ ತುರುಕಿದ. ಅವಳು ಕಚ್ಚಿದ್ದಷ್ಟೇ, ಉಳಿದದ್ದನ್ನು ಅವನೇ ಕಿತ್ತು ಎಂಜಲು ತಟ್ಟೆಗೆ ಹಾಕಿದ. "ಇವಳದ್ದೂ ಬಿಟ್ಟಾಯ್ತು ಅಜ್ಜೀ!" ಎಂದು ಕೂಗಿಯೂ ಹೇಳಿದ. ತನ್ನ ನಾಲಿಗೆಯಿಂದ ತಾನೇ ಗುಂಡಿ ತೋಡಿದ, ಪುಣ್ಯಾತ್ಮ.

ಹನ್ನೊಂದು ಗಂಟೆಗೆ ಹೊರಟರು. ಸರೋವರದ ಮೇಲೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಕಾರು ಗೇಟಿಗೆ ಬಂತು. ಸುಟ್ಟ ಹಿಟ್ಟಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಕಣ್ಣು ಕತ್ತಲಿಟ್ಟಿತು.

ಕಣ್ಣು ಬಿಟ್ಟಾಗ ಮಿರ್ಲಾನ್ ಊಟದ ಮೇಜಿನ ಮುಂದೆ ಕೂತಿದ್ದ. ಎದುರಿಗೆ ತುಂಬಿದ ತಟ್ಟೆ. ಅಷ್ಟು ದೂರ ಗೇಟಿನ ಹೊರಗೆ ನಿಂತ ಕಾರಿನಲ್ಲಿ ಜಿಪಾರ್ ಒಬ್ಬಳೇ ಕಿರುಚುತ್ತಿದ್ದಳು.

ಓಡಿದ. ಮತ್ತೆ ಮೇಜು. ಮತ್ತೆ ಓಡಿದ. ಜಿಪಾರ್ ಒಳಗೆ ಬಂದು ಕೈ ಹಿಡಿದು ಎಳೆದಳು. ಅವಳು ದಾಟಿದಳು. ಅವನ ಕೈ ನಾದಿದ ಹಿಟ್ಟಿನಂತೆ ಜಾರಿತು. ಮತ್ತೆ ಅದೇ ಮೇಜು, ಅದೇ ತಟ್ಟೆ.

ಗೇಟಿನ ಕಾವಲುಗಾರ ನೆಲ ನೋಡುತ್ತ ಪಿಸುಗುಟ್ಟಿದ. "ತಂದೂರಿನ ಹಿಂದಿನ ಕೋಣೆ ನೋಡಣ್ಣಾ. ನಾನು ಹೇಳ್ದೆ ಅನ್ಬೇಡ."

ಕೋಣೆಗೆ ಕಿಟಕಿಯಿರಲಿಲ್ಲ. ಹುಳಿ, ಬೂಷ್ಟು, ಹಳೆಯ ಹೊಗೆ. ಹೆಜ್ಜೆಯಿಟ್ಟೊಡನೆ ಹಣೆಗೆ ಏನೋ ತಾಗಿ ಕಟಕಟ ಸದ್ದಾಯಿತು. ಫೋನಿನ ಬೆಳಕು ಹಾಯಿಸಿದ. ಸೂರಿನಿಂದ ನೂರಾರು ರೊಟ್ಟಿಗಳು ದಾರದಲ್ಲಿ ತೂಗುತ್ತಿದ್ದವು. ಒಂದೊಂದಕ್ಕೂ ಒಂದೊಂದು ಬಾಯಿಯ ಗುರುತು. ತನ್ನವನ್ನು ಗುರುತಿಸಿದ. ಒಂದನ್ನು ಕಿತ್ತು ಬಾಯಿಗೆ ತುರುಕಿಕೊಂಡ. ಅಗಿದ. ನುಂಗಿದ. ಕೈಯಲ್ಲಿ ರೊಟ್ಟಿ ಒಂದಿಷ್ಟೂ ಕರಗಿರಲಿಲ್ಲ.

"ಅದೀಗ ನಿಂದಲ್ಲ," ಎಂದಿತು ಕತ್ತಲಲ್ಲಿ ಮುದುಕಿಯ ದನಿ. "ಬಿಟ್ಟೆ ಅಂದ್ಯಲ್ಲ."

"ಅಜ್ಜೀ, ತಪ್ಪಾಯ್ತು. ಮನೇಲಿ ಪುಟ್ಟ ಮಗಳಿದಾಳೆ. ಬಿಟ್ಬಿಡು."

"ನಂಗೂ ಮಗ ಇದ್ದ. ರೊಟ್ಟಿ ಕಚ್ಚಿಟ್ಟು ಮೀನಿಗೆ ಹೋದ. ಇಪ್ಪತ್ತು ವರ್ಷ ಅದನ್ನ ಇದೇ ಜಾಗದಲ್ಲಿ ಗೋಡೆಗೆ ತೂಗುಹಾಕಿ ಕಾಯ್ದೆ. ಇದು ನನ್ನ ಮನೆ ಆಗಿತ್ತು ಕಣೋ. ರೆಸಾರ್ಟ್ ಕಟ್ಟೋಕೆ ಮನೆ ಕೆಡವಿದವರು ಅದನ್ನ ಕಸಕ್ಕೆ ಎಸೆದ್ರು." ಅವಳು ಮೂಗು ಒರೆಸಿಕೊಂಡಳು. "ಅವನು ಯಾವುದನ್ನ ಹಿಡ್ಕೊಂಡು ಬರ್ತಾನೆ ಈಗ?"

"ನನ್ನ ಹೆಂಡತಿ ಹೇಗೆ ದಾಟಿದ್ಲು?"

"ಅವಳನ್ನ ಮನೇಲೊಂದು ರೊಟ್ಟಿ ಎಳೀತಿದೆ. ಅದರ ಮುಂದೆ ನನ್ನ ಕೈ ಸಾಗಲ್ಲ. ನಿನ್ನನ್ನ ಎಳೆಯೋಕೆ ಅಲ್ಲಿ ಏನಿದೆ?"

ಅವನು ಅಂಗಳಕ್ಕೆ ಬಂದು ಅಮ್ಮನಿಗೆ ಫೋನ್ ಮಾಡಿದ. ಎಲ್ಲ ಒದರಿದ. ಅತ್ತ ಕಡೆ ಮಗಳ ನಗು ಕೇಳುತ್ತಿತ್ತು.

"ಇಲ್ಲಿ ಒಂದೇ ರೊಟ್ಟಿ ಇರೋದು ಮಗಾ. ಜಿಪಾರ್ ಹೆಸರು ಕೂಗಿ ಹಾಕಿದ್ದು."

"ನನ್ನ ಹೆಸರೂ ಸೇರಿಸಿ ಕೂಗಮ್ಮಾ!"

"ಒಂದು ರೊಟ್ಟಿಗೆ ಒಂದೇ ಹೆಸರು. ನಿಂದು ಕೂಗಿದ್ರೆ ಅವಳದ್ದು ಅಳಿಸಿ ಹೋಗುತ್ತೆ. ಅವಳೂ ಅಲ್ಲಿ ಕಚ್ಚಿ ಬಿಟ್ಟಿದಾಳಾ?"

ಮಿರ್ಲಾನ್ ಗೇಟಿನತ್ತ ನೋಡಿದ. ಜಿಪಾರ್ ಕಾರಿಗೊರಗಿ ನಿಂತು ಅವನಿಗಾಗಿ ಕಾಯುತ್ತಿದ್ದಳು. ಕೈ ಬೀಸಿದಳು. ಬೇಕೆಂದರೆ ಅವಳು ಯಾವಾಗಲೋ ಹೋಗಬಹುದಿತ್ತು. ಬಿಟ್ಟು ಹೋಗಿರಲಿಲ್ಲ.

"ಇಲ್ಲಮ್ಮಾ, ಅವಳು ಬಿಟ್ಟಿಲ್ಲ," ಎಂದ. "ನನ್ನ ಹೆಸರು ಕೂಗು."

ಈ ಸಲ ಗೇಟು ಅವನನ್ನು ತಡೆಯಲಿಲ್ಲ. ಕಾರು ಹತ್ತಿದ. "ಮುದುಕಿ ಬಿಟ್ಟಳಾ?" ಎಂದು ಜಿಪಾರ್ ಅವನ ಕೆನ್ನೆ ಸವರಿದಳು. "ಹೂಂ," ಎಂದ. ಬೆಲ್ಟು ಬಿಗಿದಳು. ಕಾರು ಚಲಿಸಿತು. ಸುಟ್ಟ ಹಿಟ್ಟಿನ ವಾಸನೆ. ಒಂದು ಅರ್ಧ ಕೂಗು. ಅವನು ತಿರುಗಿದ. ಪಕ್ಕದ ಸೀಟಿನಲ್ಲಿ ಬಿಗಿದ ಬೆಲ್ಟು ಮಾತ್ರ ಇತ್ತು. ಕನ್ನಡಿಯಲ್ಲಿ ಊಟದ ಅಂಗಳ ಕಂಡಿತು. ಮೇಜಿನ ಮುಂದಿಂದ ಜಿಪಾರ್ ಎದ್ದಳು. ಓಡಿ ಬಂದಳು. ಮಾಯವಾದಳು. ಮತ್ತೆ ಮೇಜಿನ ಮುಂದೆ ಎದ್ದಳು. ಅವನ ಕಾಲು ಬ್ರೇಕಿನ ಮೇಲೆ ಹೋಗಲೇ ಇಲ್ಲ.

ಸಂಜೆ ಮನೆ ಮುಟ್ಟಿದ. ಅವನ ಹಿಂದೆ ಖಾಲಿ ಬಾಗಿಲು ಕಂಡು ಅಮ್ಮನಿಗೆ ಎಲ್ಲ ಅರ್ಥವಾಯಿತು. ಮೊಳೆಯಿಂದ ರೊಟ್ಟಿ ಇಳಿಸಿ ಮೇಜಿನ ಮೇಲಿಟ್ಟು, ಅವನ ಕಡೆ ನೋಡದೆ ನಿಂತಳು.

"ಇದನ್ನ ತಿನ್ನದೆ ಬಿಟ್ರೆ?" ಎಂದು ಅವನು ಕೇಳಿದ.

"ಬಿಟ್ರೆ ಅದು ಮತ್ತೆ ಅವಳದ್ದಾಗುತ್ತೆ. ಅವಳು ಬರ್ತಾಳೆ, ನೀನು ಹೋಗ್ತೀಯ. ತಿಂದು ಮುಗಿಸಿದ್ರೆ ಅವಳಿಗೆ ಇನ್ನು ಈ ಮನೆ ಇಲ್ಲ."

ಸುಟ್ಟ ಹಿಟ್ಟಿನ ವಾಸನೆ ಆಗಲೇ ಮೆಟ್ಟಿಲೇರಿ ಬರುತ್ತಿತ್ತು. ಮಗಳು ಅವನ ಕಾಲ ಸಂದಿಯಿಂದ ಬಾಗಿಲತ್ತ ಇಣುಕಿದಳು.

"ಅಮ್ಮ ಎಲ್ಲಿ?"

ಮಿರ್ಲಾನ್ ರೊಟ್ಟಿ ಎತ್ತಿಕೊಂಡ. ಆ ಓರೆ ಹಲ್ಲಿನ ಗುರುತಿನ ಮೇಲೆಯೇ ಹಲ್ಲಿಟ್ಟು ಕಚ್ಚಿದ. ಅಳುತ್ತಲೇ ಅಗಿದ. ಮೇಜಿನ ಮೇಲೆ ಉದುರಿದ ಪುಡಿಯನ್ನೂ ಬೆರಳಲ್ಲಿ ಒತ್ತಿ ನೆಕ್ಕಿದ. ಹುಟ್ಟಿದಾರಭ್ಯ ಮೊದಲ ಸಲ ಅವನು ಒಂದು ಚೂರೂ ಬಿಡದೆ ತಿಂದ.