ನಾರಿನ ನಾ, ನೀರಿನ ನೀ

“ಇದು ಬರೀ ನೀರು ಮೇಡಂ!”

ಎಕ್ಸ್-ರೇ ಯಂತ್ರದ ಆಪರೇಟರ್ ಪರದೆಯಿಂದ ಕಣ್ಣು ತೆಗೆಯದೆ ಅಂದುಬಿಟ್ಟ. ಅದೂ ಅವಳ ಪಿಎಚ್‌ಡಿ ಗೈಡ್ ಎದುರಿಗೆ!

ಅವಳ ಮುಖ ಕೆಂಪಾಯಿತು. ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸ್ ನಾರು ನೀರನ್ನು ಹಿಡಿದುಕೊಂಡು ಜೆಲ್ ಆಗುತ್ತದೆ. ಒಳಗೆ ನಾರು ಹೇಗೆ ಬಲೆ ಹೆಣೆದಿದೆಯೆಂದು ಎಕ್ಸ್-ರೇ ಹಾಯಿಸಿ, ಅದು ಚದುರುವ ರೀತಿಯಿಂದಲೇ ತಿಳಿಯಬೇಕು. ಅದಕ್ಕಾಗಿ ವರ್ಷಗಟ್ಟಲೆ ಜೀವ ತೇದವಳು ಅವಳು. ಈಗ ಬರೀ ನೀರಂತೆ!

“ಈ ವಾರ ಏನಾದ್ರೂ ತೋರಿಸಿ. ಇಲ್ಲಾಂದ್ರೆ ಈ ಕೆಲಸ ನಿಲ್ಲಿಸೋಣ,” ಎಂದು ಗೈಡ್ ಹೊರಟರು.

ಆಪರೇಟರ್ ಹಿಂದೆಯೇ ಬಂದು ಏನೋ ಹೇಳಹೋದ. ಅವಳು ತಿರುಗಿಯೂ ನೋಡಲಿಲ್ಲ. ಕೋಪ ಬಂದರೆ ಅವಳಿಗೆ ಕಿವಿಯೇ ಕೇಳುವುದಿಲ್ಲ ನೋಡಿ!

ದಿನಾ ಸಂಜೆ ನನ್ನ ಜೊತೆ ಟೀ ಕುಡಿದವನು... ಇವನೂ ಹೀಗೆ ಅಂದನಲ್ಲ!

ಯಂತ್ರದಲ್ಲಿ ಅವಳ ಕೊನೆಯ ಸರದಿಯ ದಿನ ಅಕ್ಕನ ಫೋನ್ ಬಂತು.

“ಆ ಜೆಲ್ಲು ಗಿಲ್ಲು ಎಲ್ಲ ಅಲ್ಲೇ ಬಿಟ್ಟು ಮನೆಗೆ ಬಾರೇ. ನಿನ್ನ ದನಿ ಕೇಳಿದ್ರೆ ನಂಗೇ ಸುಸ್ತಾಗುತ್ತೆ.”

“ಇವತ್ತೊಂದು ದಿನ ಅಕ್ಕಾ...”

ಕಾಲೆಳೆಯುತ್ತಾ ಯಂತ್ರದ ಕೋಣೆಗೆ ಹೋದಳು.

“ಇನ್ನೂ ಮಾತಾಡಲ್ವಾ?” ಅವನು ಕೇಳಿದ.

“ಬರೀ ನೀರಿನ ಬಗ್ಗೆ ಏನು ಮಾತು?”

“ಅಯ್ಯೋ! ನಿಮ್ಮ ಕೆಲಸಕ್ಕೆ ಅಂದೆ ಅಂದ್ಕೊಂಡ್ರಾ?”

ಅವನು ಎರಡು ಸಣ್ಣ ಗಾಜಿನ ಟ್ಯೂಬ್ ಎತ್ತಿ ತೋರಿಸಿದ. ಎರಡೂ ಒಂದೇ ಥರ ತಿಳಿ. ತುದಿಯಲ್ಲಿ ಅವಳದೇ ಅಕ್ಷರ. ನಾರಿರುವ ಜೆಲ್‌ಗೆ ‘ನಾ’. ನೀರಿಗೆ ‘ನೀ’. ನೀರನ್ನು ಬೇರೆಯಾಗಿ ಅಳೆದು ಜೆಲ್‌ನ ಲೆಕ್ಕದಿಂದ ಕಳೆಯಬೇಕು, ಆಗಲೇ ನಾರಿನ ಬಲೆ ಕಾಣುವುದು.

“ಅವತ್ತು ನಿದ್ದೆಗಣ್ಣಲ್ಲಿ ‘ನಾ’ ಬದಲು ‘ನೀ’ ಹಾಕಿದ್ರಿ. ಅದು ನಿಜವಾಗ್ಲೂ ನೀರೇ! ಗೈಡ್‌ಗೂ ಹೇಳಿದೆ, ಅಳೆದು ತೋರಿಸ್ಲಿ ಅಂದ್ರು. ನಿಮಗೆ ಹೇಳೋಣ ಅಂದ್ರೆ ಮುಖ ತಿರುಗಿಸ್ತೀರ.”

“ಥೂ, ನನ್ನ ತಲೆ!” ಅವಳು ಸ್ಟೂಲಿನ ಮೇಲೆ ಕುಸಿದಳು. ನಗು ಬಂತು, ಅಳುವೂ ಬಂತು. ಎಷ್ಟು ದಣಿದಿದ್ದೆ ನಾನು...

ಅವನೇ ‘ನಾ’ ಹಾಕಿ ಅಳೆದ. ‘ನೀ’ ಕಳೆದ. ಪರದೆಯ ಗೆರೆಯಲ್ಲಿ ಸಣ್ಣದೊಂದು ಉಬ್ಬು ಎದ್ದಿತು.

“ಬಲೆ... ಇದೆ!” ಅವಳ ಕಣ್ಣು ತುಂಬಿತು. ಕೆಲಸ ಉಳಿಯಿತು.

ಅವನು ಮಾತ್ರ ‘ನೀ’ ಟ್ಯೂಬನ್ನೇ ಬೆರಳಲ್ಲಿ ತಿರುಗಿಸುತ್ತಿದ್ದ.

“ನಿಮಗೆ ಖುಷಿ ಆಗ್ಲಿಲ್ವಾ?”

“ಆಯ್ತು. ಆದ್ರೆ... ‘ನಾ’ದಲ್ಲಿ ‘ನೀ’ ಕಳೆದ್ರೆ ನಿಮಗೆ ಬೇಕಾದ್ದು ಸಿಗುತ್ತೆ. ನನ್ನ ಲೆಕ್ಕದಲ್ಲಿ ‘ನೀ’ ಹೋದ್ರೆ ಏನೂ ಉಳಿಯಲ್ಲ. ನೀವು ಮಾತು ಬಿಟ್ಟ ಮೇಲೆ ಗೊತ್ತಾಯ್ತು.”

ಅವಳಿಗೆ ನಾಚಿಕೊಳ್ಳಲೂ ಶಕ್ತಿ ಇರಲಿಲ್ಲ. ಇವನನ್ನು ಬಿಟ್ಟು ಈ ಊರಲ್ಲಿ ನನಗೂ ಯಾರಿದ್ದಾರೆ?

“ನೀವು ಗೀವು ಎಲ್ಲ ಬೇಡ,” ಎಂದಳು ಮೆಲ್ಲಗೆ. “ಕೈಲಿರೋ ಆ ಟ್ಯೂಬಲ್ಲಿ ಏನು ಬರೆದಿದೆಯೋ ಅದನ್ನ ಓದು.”

“ನೀ...” ಅವನು ಓದಿದ. “ನೀ... ಟೀ ಕುಡೀತೀಯಾ?”

“ಕುಡೀತೀನಿ. ನಿನ್ನ ಹೆಗಲಿಗೆ ಸ್ವಲ್ಪ ಒರಗ್ತೀನಿ ಕಣೋ... ತುಂಬಾ ಸುಸ್ತಾಗಿದೆ.”