ಕಂಬಳಿಯ ಮೇಲೆ ಕೂರದವನು

"ಏ, ನಿಂದರ್ರಿ! ಆ ಗ್ವಾಡಿ ಅಲ್ಲಿ ಕಟ್ಟಬ್ಯಾಡ್ರಿ!"

ಪ್ರಮಿಳಾಳ ಕೂಗಿಗೆ ಗಾರೆ ಕೆಲಸದವರ ಕೈ ಅಲ್ಲೇ ನಿಂತಿತು. ಉದ್ಯಮಬಾಗದಲ್ಲಿ ಹೊಸ ಲೋಕಲ್ ರೈಲಿನ ನಿಲ್ದಾಣ ಏಳುತ್ತಿತ್ತು. ಅದರ ಬೆನ್ನಿಗೇ ಅವಳ ಹಟ್ಟಿ ಗಲ್ಲಿ. ಕುರಿ ಕಾಯ್ದವರ ಮಕ್ಕಳೆಲ್ಲ ಈಗ ಫೌಂಡ್ರಿ ಕೆಲಸಕ್ಕೆ ಹೋಗುವ ಗಲ್ಲಿ.

ಹೆಲ್ಮೆಟ್ ತೆಗೆಯುತ್ತಾ ಬಂದವನು ಸೈಟ್ ಇಂಜಿನಿಯರ್ ಆಕಾಶ, ಮಹಾಂತೇಶ ನಗರದವನು.

"ಏನಾತ್ರಿ ಅಕ್ಕಾರ?"

"ಅಕ್ಕಾರ ಅನಬ್ಯಾಡ್ರಿ! ಸ್ಟೇಶನ್ ನಮ್ಮ ಹಿತ್ತಲದಾಗ, ಬಾಗಲಾ ಮಾತ್ರ ಆ ಕಡೆ ದೊಡ್ಡ ರೋಡಿಗೆ! ನಮ್ಮ ಹೆಣ್ಮಕ್ಳು ಊರೆಲ್ಲಾ ಸುತ್ತಿ ಬರಬೇಕೇನ್ರಿ?"

"ನಕ್ಷಾದಾಗ ಹಂಗ ಐತ್ರಿ..."

"ನಕ್ಷಾ ಬರದವ್ರು ನಮ್ಮ ಗಲ್ಲಿ ನೋಡ್ಯಾರೇನು? ನೀವರ ನೋಡೀರೇನು?"

ಆಕಾಶ ತಲೆ ತಗ್ಗಿಸಿದ. "ಇಲ್ರಿ. ತಪ್ಪಾತು. ಬರ್ರಿ, ತೋರಸ್ರಿ."

ಜಗಳಕ್ಕೆ ಟೊಂಕ ಕಟ್ಟಿ ಬಂದವಳು ಅವನಿಗೆ ದಾರಿ ತೋರಿಸುತ್ತಾ ಮುಂದೆ ನಡೆಯಬೇಕಾಯಿತು, ಪಾಪ!

ಹಿಂದೊಂದು ಗೇಟು ಬೇಕೆಂದು ಆಕಾಶ ಕೇಳಿದಾಗ ಮೇಲಿನವರು ಒಪ್ಪಲಿಲ್ಲ. ಅದನ್ನು ಹೇಳಲು ಅವನೇ ಪ್ರಮಿಳಾಳ ಮನೆ ಬಾಗಿಲಿಗೆ ಬಂದ. ಬಾಗಿಲಲ್ಲೇ ಒದ್ದಾಡುತ್ತಾ, ಆಗಲಿಲ್ಲವೆಂದು ಹೇಳಿದ. ಆಮೇಲೂ ಬಿಡಲಿಲ್ಲ, ಓಡಾಡಿದ, ವಾದ ಮಾಡಿದ. ಕೊನೆಗೂ ಗೇಟು ಬಂತು. ಅದರ ಹಿಂದೆ ಬೀದಿ ದೀಪ, ಕಾಂಕ್ರೀಟ್ ರಸ್ತೆ, ಸಾವಂತ್ರವ್ವನ ಚಾದಂಗಡಿ... ಗಲ್ಲಿಗೆ ಕಳೆಯೇ ಬಂತು.

ನಿಲ್ದಾಣ ಶುರುವಾಗಿ ಗೇಟು ತೆರೆದ ದಿನ ಪ್ರಮಿಳಾಳ ತಾಯಿ ಭೀಮಕ್ಕ ಅಂಗಳದಲ್ಲಿ ಕಂಬಳಿ ಹಾಸಿದಳು. ಕುರಿ ಕಾಯ್ದ ಮನೆತನಗಳಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

"ಬಾಳ ಉಪಕಾರ ಮಾಡೀರಿ ಸಾಹೇಬ್ರ. ಕುಂದರ್ರಿ."

ಆಕಾಶನ ಮುಖ ಬಿಳಿಚಿಕೊಂಡಿತು. "ಬ್ಯಾಡ್ರಿ ಯವ್ವಾ... ನಾ ಇದರ ಮ್ಯಾಲ ಕುಂದ್ರಂಗಿಲ್ಲ."

ಕೈ ಮುಗಿದು ಹೊರಟೇ ಬಿಟ್ಟ! ಮರುದಿನ ಖಾನಾಪುರ ನಿಲ್ದಾಣದ ಕೆಲಸಕ್ಕೆ ಹೋದನೆಂದು ತಿಳಿಯಿತು.

'ನಮ್ಮ ಕಂಬಳಿ ಅವನಿಗೆ ಅಷ್ಟು ಕೀಳಾಯಿತಾ? ಇಂಥವನಿಗೆ ಮನಸ್ಸು ಕೊಟ್ಟೆನಲ್ಲ...' ಪ್ರಮಿಳಾ ತನ್ನನ್ನೇ ಬೈದುಕೊಂಡಳು. ಅವ್ವನ ಕಣ್ಣೀರು ನೋಡಿದ ಮೇಲಂತೂ ಸಿಟ್ಟು ನೆತ್ತಿಗೇರಿತು.

ರವಿವಾರ ಅವನೇ ಕಟ್ಟಿದ ನಿಲ್ದಾಣದಲ್ಲಿ ರೈಲು ಹತ್ತಿ, ಅವನೊಡನೆಯೇ ಜಗಳಕ್ಕೆ ಹೊರಟಳು.

"ಪ್ರಮಿಳಾ... ನೀವು ಇಲ್ಲಿ?" ಖಾನಾಪುರದ ಪ್ಲಾಟ್‌ಫಾರ್ಮಿನಲ್ಲಿ ಆಕಾಶ ತಬ್ಬಿಬ್ಬಾದ.

"ನಮ್ಮವ್ವ ಅತ್ತಾಳ. ಯಾಕ ಕುಂದರಲಿಲ್ಲ, ಹೇಳ್ರಿ!"

ಆಕಾಶ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ. "ಉಪಕಾರ ಮಾಡಿದಾವ ಅಂತ ಅವತ್ತ ಕುಂತಿದ್ರ... ನಾಳೆ ನಿಮ್ಮನ್ನ ಕೊಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ? ಗೇಟಿನ ಋಣಕ್ಕ ಮಗಳನ್ನ ಕೇಳಿದಂಗ ಆಗೂದಿಲ್ಲೇನು? ನೀವೂ ಋಣಕ್ಕ ಹೂಂ ಅಂದ್ರ... ನಾ ಜೀವನಪೂರ್ತಿ ಹೆಂಗಿರ್ಲಿ?"

ಪ್ರಮಿಳಾಳ ಸಿಟ್ಟೆಲ್ಲ ಇಳಿದುಹೋಯಿತು. ಕಣ್ಣು ತುಂಬಿ ಬಂತು.

"ಹುಚ್ಚ ಅದೀರಿ! ಆ ಋಣ ಗಲ್ಲೀದು, ಗಲ್ಲಿ ತೀರಸ್ತೈತಿ. ಗೇಟ ಆಗಂಗಿಲ್ಲ ಅಂತ ಹೇಳಾಕ ಬಂದು ಬಾಗಲದಾಗ ಒದ್ದಾಡಿದ್ರಲ್ಲ... ಅವತ್ತ ನಾ ನಿಮಗ ಸೋತೀನಿ. ಅವತ್ತ ನೀವು ನಮಗ ಏನೂ ಕೊಟ್ಟಿದ್ದಿಲ್ಲ!"

ಆಕಾಶ ನಕ್ಕೇಬಿಟ್ಟ. ಎದೆಯ ಮೇಲಿನ ಭಾರವೆಲ್ಲ ಇಳಿದಂತಾಗಿತ್ತು.

"ನಿಮ್ಮ ಮನ್ಯಾಗ ಒಪ್ತಾರೇನ್ರಿ? ನಾವು ಬ್ಯಾರೆ ಮಂದಿ..." ಅವಳ ದನಿ ಸಣ್ಣದಾಯಿತು.

"ಅವ್ವಗ ಮೊದಲ ಹೇಳೀನಿ. ಹುಡುಗಿ ಒಪ್ಪ್ಯಾಳೇನು ಅಂತ ಒಂದ ಮಾತು ಕೇಳಿದ್ಲು. ನನ್ನ ಕಡೆ ಉತ್ತರಾ ಇರಲಿಲ್ಲ."

ಅಲ್ಲೇ ಫೋನ್ ಹಚ್ಚಿದ. "ಹಲೋ, ಅವ್ವಾ... ಪ್ರಮಿಳಾ..." ಮುಂದೆ ಅಳು ನುಗ್ಗಿ ಬಂತು.

ಪ್ರಮಿಳಾ ಮೆಲ್ಲಗೆ ಫೋನ್ ಇಸಿದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

"ನಾ ಒಪ್ಪೀನ್ರಿ, ಅತ್ತೀ..."

ಆ ಕಡೆಯಿಂದ ಆಕಾಶನ ತಾಯಿ ಕಾಂತಾಳ ದನಿ ಕೇಳಿತು.

"ಪುಣ್ಯಾ ಬರಲಿ ನನ್ನವ್ವಾ! ಅಂವಾ ಊಟಾ ಬಿಟ್ಟಿದ್ದ ನೋಡವಾ. ಇವತ್ತರ ಉಣ್ಣಂತ ನೀನ ಹೇಳು."