ಗುರಪ್ಪನ ಪಟಕ್ಕೆ ಬಿದ್ದ ಚೆಂಡುಹೂವಿನ ಹಾರ

"ಈ ಹಾರ ಹಾಕಿದ ಕೈ ಯಾವದು? ಮುಂದ ಬಾ."

ಶಹಾಪುರದ ಧರ್ಮಶಾಲೆಯ ಪಡಸಾಲೆಯಲ್ಲಿ ಗೋಡೆಯ ಫೋಟೋಗಳನ್ನು ನೋಡುತ್ತಿದ್ದವರೆಲ್ಲ ತಿರುಗಿದರು. ಒಣಮೀನಿನ ಬುಟ್ಟಿ ಹೊತ್ತು ಬಂದಿದ್ದ ಹುಡುಗಿಯೊಬ್ಬಳು ಗೋಡೆಯ ನಡುವಿನ ದೊಡ್ಡ ಫೋಟೋದ ಎದುರು ನಿಂತಿದ್ದಳು. ಬುಟ್ಟಿಯನ್ನು ಅಲ್ಲೇ ಕುಕ್ಕಿದಳು. ಫೋಟೋಕ್ಕೆ ಹಾಕಿದ್ದ ಚೆಂಡುಹೂವಿನ ಹಾರವನ್ನು ಒಂದೇ ಸಲ ಜಗ್ಗಿ ಹರಿದಳು. ಹೂವುಗಳು ನೆಲದ ತುಂಬ ಚೆಲ್ಲಿದವು.

ಒಳಕೋಣೆಯಿಂದ ಒಬ್ಬ ತರುಣ ಓಡಿಬಂದ. ಫೋಟೋ ತೊಳೆಯುವ ಮದ್ದಿನಿಂದ ಅವನ ಬೆರಳುಗಳು ಕಂದುಬಣ್ಣಕ್ಕೆ ತಿರುಗಿದ್ದವು.

"ಏನಾತ್ರಿ?"

"ಈ ಪಟ ತೆಗದವ ನೀನೇನು?"

"ಹೌದ್ರಿ."

"ಇದರಾಗ ನಿಂತ ಮನಶಾ ಯಾರಂತ ಗೊತ್ತದನ ನಿನಗ?"

ಅವನು ಫೋಟೋ ನೋಡಿದ. ದಂಡೆ ಮೀರಿದ ಕೃಷ್ಣಾ ಹೊಳೆ. ಅದರ ನಡುವೆ ಒಂದು ಹರಗೋಲು. ಹರಗೋಲಿನಲ್ಲಿ ಹುಟ್ಟು ಹಿಡಿದು, ಬಲಭುಜ ಓರೆ ಮಾಡಿ ನಿಂತ ಅಂಬಿಗ.

"ಇಲ್ರಿ... ನಾ ಹೊಳಿ ತೆಗೆದೆ. ಅಂವಾ ಹೊಳ್ಯಾಗಿದ್ದ."

"ಅಂವಾ ನಮ್ಮಪ್ಪ. ಬದುಕ್ಯಾನ."

ತರುಣ ನೆಲದ ಮೇಲಿನ ಹೂವುಗಳ ಕಡೆ ನೋಡಿದ.

ಆ ಸೀಮೆಯಲ್ಲಿ ಗೋಡೆಗೆ ತೂಗುವ ಪಟಗಳು ಎರಡೇ ಬಗೆ. ಒಂದು ದೇವರದು, ಇನ್ನೊಂದು ಸತ್ತವರದು. ಬದುಕಿದ್ದವರ ಪಟಕ್ಕೆ ಹಾರ ಹಾಕಿದರೆ ಅವರ ಹೆಣಕ್ಕೆ ಹಾಕಿದಂತೆ.

ತರುಣನ ಹೆಸರು ದೇವಿಂದ್ರ. ಸುರಪುರದ ಕಡೆಯ ಅಂಬಿಗರ ಮಗ. ಹೈದರಾಬಾದಿನ ಕಾಲೇಜಿನಲ್ಲಿ ಓದುತ್ತಿದ್ದ. 'ನಿಮ್ಮ ಗಂಗಮ್ಮಗ ಗುಡಿ ಇಲ್ಲ, ಮೂರ್ತಿ ಇಲ್ಲ, ಎಂಥಾ ದೇವರಪ್ಪ ಅದು?' ಎಂದು ಜೊತೆಯವರು ನಕ್ಕಿದ್ದರು. ಆ ನಗು ಅವನ ಎದೆಗೆ ನಾಟಿತ್ತು. ಗುರುಗಳ ಕ್ಯಾಮೆರಾ ಬೇಡಿ ತಂದು ಹೊಳೆ, ಮಡುವು, ಬಂಡೆ, ಬನ್ನಿಮರ, ಸಿಡಿಲು ಬಡಿದ ಗುಡ್ಡ, ಎಲ್ಲವನ್ನೂ ತೆಗೆದಿದ್ದ. ತಹಸೀಲಿನ ಇಜಾಜತು, ಅಂದರೆ ಪರವಾನಗಿ, ಪಡೆದು ಇಲ್ಲಿ ತೂಗುಹಾಕಿದ್ದ. ಬಾಗಿಲ ಮೇಲಿನ ಹಲಗೆಯಲ್ಲಿ ಕನ್ನಡ, ಉರ್ದು ಎರಡರಲ್ಲೂ ಬರೆದಿತ್ತು: ಗುಡಿ ಇಲ್ಲದ ದೇವರು.

ಆದರೆ ಗುರಪ್ಪನ ಮಗಳು ಮೌನಮ್ಮನಿಗೆ ಆ ಹಲಗೆ ಬೇಕಿರಲಿಲ್ಲ. ಎರಡು ಮಳೆಗಾಲದ ಹಿಂದೆ ಅವಳ ಅಣ್ಣ ಅಂಬಣ್ಣನನ್ನು ಇದೇ ಹೊಳೆ ಒಯ್ದಿತ್ತು. ಹೆಣವೂ ಸಿಕ್ಕಿರಲಿಲ್ಲ. ಈಗ ಅಪ್ಪ ಕೊಡೇಕಲ್ಲಿಗೆ ಹೋಗುವ ಭಕ್ತರನ್ನು ದಾಟಿಸಲು ಮೇಲಿನ ಕಡವಿಗೆ ಹೋಗಿದ್ದ. ನಿನ್ನೆಯೇ ಬರಬೇಕಿತ್ತು. ಬಂದಿರಲಿಲ್ಲ.

"ಹಾರ ಯಾರು ಹಾಕಿದ್ರು?" ಹರಿದ ಹಾರದ ತುಂಡನ್ನು ಅವನ ಮುಂದೆ ಹಿಡಿದಳು.

ದೇವಿಂದ್ರನ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬಂತು. ಅಲ್ಲಿ ಧರ್ಮಶಾಲೆಯ ಮುದಿ ಕಾವಲುಗಾರ ಮಸ್ತಾನಸಾಬ ಕಂಬ ಹಿಡಿದು ನಿಂತಿದ್ದ.

"ನಾನೇ ಹಾಕೇನಿ" ಎಂದ ದೇವಿಂದ್ರ.

"ಅಂಬಿಗರ ಹೊಟ್ಟ್ಯಾಗ ಹುಟ್ಟಿ, ಇಷ್ಟೂ ತಿಳೀಲಿಲ್ಲೇನು? ಓದಿ ಓದಿ ತಲ್ಯಾಗ ಮಣ್ಣ ತುಂಬಿತೇನು?"

ಅವನು ಬಗ್ಗಿ ಚೆಲ್ಲಿದ ಹೂವು ಆರಿಸತೊಡಗಿದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

ಅಷ್ಟರಲ್ಲಿ ಸೋದರತ್ತೆ ಸಾಯಬಮ್ಮ ಏದುಸಿರು ಬಿಡುತ್ತ ಬಂದಳು. "ಮೌನವ್ವಾ, ಕೆಟ್ಟಿತು. ನಮ್ಮ ಓಣಿ ಹೆಣ್ಮಕ್ಕಳು ಮುಂಜಾನೇನ ಇದನ್ನ ನೋಡ್ಯಾರ. ಗುರಪ್ಪ ಹೋದ ಅಂತ ಬಾಯಿ ಬಡಕೊಂತ ಬಂಡಿ ಹೊಡಕೊಂಡು ಹೋಗ್ಯಾರ."

ಊರಲ್ಲಿ ಮೌನಮ್ಮನ ಅವ್ವ ಒಬ್ಬಳೇ. ಸುದ್ದಿ ಮುಟ್ಟಿದರೆ ಹೆಂಗಸರು ಸುಮ್ಮನೆ ಕೂಡುವವರಲ್ಲ. ಕುಂಕುಮ ಅಳಿಸುತ್ತಾರೆ, ಬಳೆ ಒಡೆಯುತ್ತಾರೆ. ಒಡೆದ ಮೇಲೆ ಅಪ್ಪ ಬಂದರೂ ಅದು ತೊಳೆದು ಹೋಗುವ ಕಳಂಕವಲ್ಲ...

ಅವಳು ದೇವಿಂದ್ರನ ಕಡೆ ತಿರುಗಿದಳು. "ನಡಿ. ನಮ್ಮ ಓಣ್ಯಾಗ ನಿಂತು ಹೇಳು, ನಾ ಸುಳ್ಳ ಹಾರ ಹಾಕೀನಿ ಅಂತ."

"ನಡೀರಿ" ಎಂದ ಅವನು. ಅಂಗಿಯನ್ನೂ ಬದಲಿಸಲಿಲ್ಲ.

ಟಾಂಗಾದಲ್ಲಿ ಸಾಯಬಮ್ಮ ನಡುವೆ ಕೂತಳು. ಕೊಂಕಲ್ ದಾಟಿ ಹೊಳೆದಂಡೆಗೆ ಹೋಗಬೇಕು. ಹೊಲಗಳಲ್ಲಿ ಜೋಳ ಮೊಣಕಾಲೆತ್ತರ ನಿಂತಿತ್ತು. ಕೊಂಕಲ್ ದಾಟಿದ ಮೇಲೆ ಮೌನಮ್ಮ ಬಾಯಿ ಬಿಟ್ಟಳು.

"ದೇವರ ಪಟ ತೆಗೀತೀಯಂತ. ನಮ್ಮಣ್ಣನ್ನ ನುಂಗಿದ ಹೊಳಿ ಅದು. ನುಂಗೂ ಮುಂದ ತೆಗೀಬೇಕಾಗಿತ್ತು. ಚಲೋ ಬರ್ತಿತ್ತು."

"ಸುಮ್ಮನಿರವ್ವ" ಎಂದಳು ಸಾಯಬಮ್ಮ.

"ಯಾಕ ಸುಮ್ಮನಿರಲಿ? ಇಂಥವರು ದಂಡಿ ಮ್ಯಾಲ ನಿಂತು ಕೈ ಮುಗೀತಾರ. ಒಳಗ ಇಳಿಯೋರು ನಾವು."

ದೇವಿಂದ್ರ ತಲೆ ತಗ್ಗಿಸಿಯೇ ಹೇಳಿದ: "ನಮ್ಮ ಮುತ್ಯಾನ್ನೂ ಹೊಳೀನ ಒಯ್ತರಿ. ನಮ್ಮ ಆಯಿ ಮರುದಿನ ದಂಡಿಗೆ ನಿಂತು ಬೈದ್ಲಂತ. ಮುಂಜಾನಿಂದ ಸಂಜಿತನ ಬೈದ್ಲಂತ. ಗಂಟಲ ಒಣಗಿತು. ಅದೇ ನೀರು ಕುಡದು ಮನಿಗೆ ಬಂದ್ಲಂತ. 'ಬೈಯಾಕ ದೇವರಾರ ಅದಾನಲ್ಲ' ಅಂದ್ಲಂತ. ನಾ ತೆಗೀಬೇಕಂತ ಹೋದದ್ದು ಆ ನೀರು... ಪಟದಾಗ ಬರಲಿಲ್ಲ ಬಿಡ್ರಿ."

ಮೌನಮ್ಮ ಮುಖ ತಿರುಗಿಸಿದಳು. ಅಣ್ಣ ಹೋದ ಮೇಲೆ ಅವಳು ಹೊಳೆಯ ಕಡೆ ಬೆನ್ನು ಹಾಕಿ ಬದುಕಿದ್ದಳು. ಬೈಯಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದವನು ಇವನೇ ಆಗಬೇಕಿತ್ತೇ? ಆ ವಿಚಾರಕ್ಕೂ ಅವಳಿಗೆ ಸಿಟ್ಟು ಬಂತು.

ಓಣಿಯ ತಿರುವಿನಲ್ಲೇ ಅಳುವ ದನಿ ಕೇಳಿಸಿತು.

ಮೌನಮ್ಮ ಟಾಂಗಾ ನಿಲ್ಲುವ ಮೊದಲೇ ಜಿಗಿದು ಓಡಿದಳು. ಮನೆಯ ಅಂಗಳದ ತುಂಬ ಹೆಂಗಸರು. ನಡುವೆ ಅವ್ವ ಹಣಮಂತಮ್ಮ ಕೂತಿದ್ದಳು. ಎಡಗೈ ಬರಿದಾಗಿತ್ತು. ಹಸಿರು ಬಳೆಯ ಚೂರುಗಳು ನೆಲದಲ್ಲಿ ಹೊಳೆಯುತ್ತಿದ್ದವು. ಬಲಗೈಯನ್ನು ಅವಳು ಕಂಕುಳಲ್ಲಿ ಬಿಗಿದಿಟ್ಟುಕೊಂಡಿದ್ದಳು. ಓಣಿಯ ಹಿರಿಯಳು ಮುದುಕಮ್ಮ ಕೈಯಲ್ಲಿ ಕಲ್ಲು ಹಿಡಿದು ಕಾಡುತ್ತಿದ್ದಳು.

"ಕೈ ಕೊಡ ಹಣಮವ್ವ. ಆಗಬೇಕಾದ್ದು ಆಗಬೇಕು."

"ಹೆಣ ತೋರಿಸ್ರಿ" ಎಂದಳು ಹಣಮಂತಮ್ಮ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು. "ಮಗನ ಹೆಣ ತೋರಿಸದ ಅಳು ಅಂದ್ರಿ, ನಾನೂ ಅತ್ತೆ. ಗಂಡನ ಹೆಣ ತೋರಿಸದ ಈ ಕೈ ಕೊಡಂಗಿಲ್ಲ. ಯಾರ ಬರ್ತೀರಿ ಬರ್ರಿ."

ಮೌನಮ್ಮ ನುಗ್ಗಿ ಮುದುಕಮ್ಮನ ಕೈಯ ಕಲ್ಲು ಕಸಿದು ದೂರ ಎಸೆದಳು. "ಸುಳ್ಳ ಅದ. ಎಲ್ಲಾ ಸುಳ್ಳ. ಹಾರ ಹಾಕಿದವ್ನ ತಂದೀನಿ. ಕೇಳ್ರಿ."

ದೇವಿಂದ್ರ ಅಂಗಳದಲ್ಲಿ ನಿಂತು ಕೈ ಮುಗಿದ. "ತಪ್ಪು ನಂದು. ಸುದ್ದಿ ಏನೂ ಬಂದಿಲ್ಲ. ತಿಳೀದ ಹಾರ ಬಿದ್ದದ."

ಗುರಪ್ಪನ ತಮ್ಮ ಅಮಾತೆಪ್ಪ ಮುಂದೆ ಬಂದವನೇ ಅವನ ಕಪಾಳಕ್ಕೆ ಬಾರಿಸಿದ. ಇನ್ನೊಂದು ಬಾರಿಸಿದ. ತುಟಿ ಒಡೆದು ರಕ್ತ ಬಂತು. ದೇವಿಂದ್ರ ಕೈ ಎತ್ತಲಿಲ್ಲ.

"ಅಣ್ಣ ಬರೋತನ ಈ ಮಗ ದಂಡಿ ಬಿಟ್ಟು ಏಳಬಾರದು" ಎಂದ ಅಮಾತೆಪ್ಪ. "ಅಣ್ಣ ಬರಲಿಲ್ಲೋ, ಇವನ್ನೂ ಅದೇ ನೀರಿಗೆ ಹಾಕ್ತೀನಿ."

ದೇವಿಂದ್ರ ಹೋಗಿ ದಂಡೆಯ ಬಂಡೆಯ ಮೇಲೆ ಕೂತ. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು.

ಮೌನಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಹಿಟ್ಟಿಗೆ ಬಿದ್ದ ಏಟಿನ ಸದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ಒಂದು ರೊಟ್ಟಿ, ಒಂದಿಷ್ಟು ಖಾರದ ಹಿಂಡಿ ಬಟ್ಟೆಯಲ್ಲಿ ಸುತ್ತಿಕೊಂಡು ದಂಡೆಗೆ ನಡೆದಳು.

"ತಿನ್ನು. ನೀ ಇಲ್ಲಿ ಸತ್ತರ ಅದೂ ನಮ್ಮ ಮ್ಯಾಲ ಬರ್ತದ."

"ನೀವು ಉಂಡ್ರೇನ್ರಿ?"

"ಅದನ್ನ ಕೇಳಾಕ ನೀ ಯಾರು?"

ಅವನು ರೊಟ್ಟಿ ಮುರಿದ. ಒಡೆದ ತುಟಿಗೆ ಖಾರ ತಾಗಿ ಕಣ್ಣಲ್ಲಿ ನೀರು ಬಂತು. ಮೌನಮ್ಮ ನೋಡಿಯೂ ನೋಡದಂತೆ ಹೊಳೆಯ ಕಡೆ ತಿರುಗಿದಳು. ಎರಡು ವರ್ಷದಲ್ಲಿ ಮೊದಲ ಸಲ. ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಏನೂ ಆಗಿಲ್ಲವೆಂಬಂತೆ.

ಅವಳು ನೀರಿನ ಅಂಚಿಗೆ ನಡೆದಳು.

"ಏ ಗಂಗವ್ವಾ" ಎಂದಳು. ಮೊದಲು ಮೆಲ್ಲಗೆ, ಆಮೇಲೆ ಗಂಟಲು ಹರಿಯುವಂತೆ. "ನಿನಗ ನಾಚಿಕಿ ಇಲ್ಲೇನು? ನಮ್ಮಣ್ಣ ನಿನಗ ಪ್ರತಿ ವರ್ಷ ಉಡಿ ತುಂಬ್ತಿದ್ದ. ಅಂಥವನ್ನ ಒಯ್ದಿ. ಹೆಣಾನಾರ ಕೊಡಬಾರದಾಗಿತ್ತೇನು? ನಮ್ಮಪ್ಪನ್ನ ಮುಟ್ಟಿ ನೋಡು. ನಿನ್ನ ಹೆಸರು ನಮ್ಮ ಮನ್ಯಾಗ ಯಾರೂ ಎತ್ತಂಗಿಲ್ಲ. ಕೇಳಿದೇನು?"

ಬೈದಳು, ಅತ್ತಳು, ಮತ್ತೆ ಬೈದಳು. ದೇವಿಂದ್ರ ಸಮಾಧಾನ ಹೇಳಲಿಲ್ಲ. ಎದ್ದು ನಿಂತು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಅಷ್ಟೇ. ಅವಳು ದಣಿದು ಬಂಡೆಗೆ ಒರಗಿದಾಗ ಅವನು ತುಸು ದೂರ ಸರಿದು ಜಾಗ ಬಿಟ್ಟ.

ಹೊತ್ತು ಇಳಿಯುವಾಗ ಸಂತೆಯ ಬಂಡಿಯೊಂದರಿಂದ ಮಸ್ತಾನಸಾಬ ಇಳಿದ. ಓಣಿಯ ಗಂಡಸರ ನಡುವೆ ಹಾಯ್ದು ನೇರವಾಗಿ ಹಣಮಂತಮ್ಮನ ಅಂಗಳಕ್ಕೆ ಬಂದ. ಅವನನ್ನು ಕಂಡು ಮೌನಮ್ಮನೂ ದೇವಿಂದ್ರನೂ ದಂಡೆಯಿಂದ ಓಡಿಬಂದರು.

"ತಂಗೀ" ಎಂದ ಮುದುಕ, "ಆ ಹಾರ ನಾ ಹಾಕಿದ್ದು. ಈ ಹುಡುಗ ಒಳಗಿದ್ದ, ಹಾಕೂ ಮುಂದ ಅವಂಗ ಗೊತ್ತೇ ಇರಲಿಲ್ಲ."

"ಮುತ್ಯಾ, ಬ್ಯಾಡ" ಎಂದ ದೇವಿಂದ್ರ.

"ಚುಪ್. ಎಷ್ಟೊತ್ತು ನನ್ನ ತಪ್ಪು ಹೊರತೀಯೋ?" ಮುದುಕ ಅವನನ್ನು ಪಕ್ಕಕ್ಕೆ ಸರಿಸಿದ. "ನಮ್ಮ ಮನ್ಯಾಗ ಮನುಷ್ಯಾರ ಪಟ ತೂಗಾಕಂಗಿಲ್ಲ ತಂಗಿ. ಹೂವಿನ ಹಾರ ನಾವು ಹಾಕೋದು ಮದಿಮಗಗ, ಬಂದ ಅತಿಥಿಗೆ. ಪಟದಾಗ ಗುರಪ್ಪನ್ನ ಕಂಡೆ. ನನ್ನ ದೋಸ್ತ ನವಾಬನಂಗ ನಿಂತಾನಲ್ಲ ಅಂತ ಖುಷಿ ಆತು. ಹಾಕಿದೆ."

ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿದರು. ಅವು ಒಳ್ಳೆಯ ದಿನಗಳಾಗಿರಲಿಲ್ಲ. ಹೈದರಾಬಾದಿನಿಂದ ಬರುವ ಗಲಭೆಯ ಪ್ರತಿ ಸುದ್ದಿಯೂ ನೆರೆಮನೆಯವರನ್ನು ಒಬ್ಬರಿಂದೊಬ್ಬರಿಗೆ ದೂರ ಮಾಡುತ್ತಿತ್ತು. ಮುಸಲ್ಮಾನನೊಬ್ಬ ಬದುಕಿದ್ದ ಅಂಬಿಗನ ಪಟಕ್ಕೆ ಹಾರ ಹಾಕಿದನೆಂದರೆ ಎಲ್ಲಿಗೆ ಹೋಗಿ ಮುಟ್ಟೀತು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಮಾತೆಪ್ಪನ ಮುಷ್ಟಿ ಮತ್ತೆ ಬಿಗಿಯಿತು.

ಮೌನಮ್ಮನಿಗೆ ಆಗ ತಿಳಿಯಿತು, ಮುಂಜಾನೆ ಅವನ ಕಣ್ಣು ಬಾಗಿಲಿಗೆ ಹೋಗಿ ಬಂದದ್ದೇಕೆಂದು. ಈ ಏಟು ಅವನದಲ್ಲ... ಈ ಬೈಗುಳ ಅವನದಲ್ಲ... ಅವಳಿಗೆ ನೆಲ ನೋಡುವಂತಾಯಿತು.

ಹಣಮಂತಮ್ಮ ಎದ್ದು ನಿಂತಳು. ಬರಿಗೈಯಲ್ಲೇ ಸೆರಗು ಸರಿಮಾಡಿಕೊಂಡಳು.

"ಅಮಾತೆಪ್ಪ, ಕೈ ಇಳಸು. ಮಸ್ತಾನಣ್ಣ ನನ್ನ ಮದಿವ್ಯಾಗೂ ನಿಮ್ಮಣ್ಣಗ ಹಾರ ಹಾಕ್ಯಾನ. ಆ ಹಾರ ಇಷ್ಟ ದಿನ ತಾಳೇದ." ಮುದುಕನ ಮುಂದೆ ಕಂಬಳಿ ಹಾಸಿದಳು. "ಕುಂದ್ರಣ್ಣ. ಬಂದ ಮ್ಯಾಲ ನಿನ್ನ ದೋಸ್ತನ್ನ ನೋಡೇ ಹೋಗು."

ಹೊಳೆಯ ಕಡೆಯಿಂದ ಕೂಗು ಬಂದದ್ದು ಆಗಲೇ.

ಎಲ್ಲರೂ ಓಡಿದರು. ಸಂಜೆಯ ಕೆಂಪು ನೀರಿನಲ್ಲಿ ಹರಗೋಲು ತಿರುಗುತ್ತ ದಂಡೆಗೆ ಬಂತು. ಗುರಪ್ಪ ಇಳಿದ. ಬಂಡೆಗೆ ತಾಗಿ ಹರಗೋಲಿನ ತೊಗಲು ಹರಿದಿತ್ತಂತೆ. ಮೇಲಿನೂರಲ್ಲಿ ಉಳಿದು ಹೊಲಿದುಕೊಂಡು ಬಂದಿದ್ದ. ದಂಡೆಯ ತುಂಬ ಜನ ಕಂಡು ಗಾಬರಿಯಾದ.

"ಯಾರು ಸತ್ತಾರ?"

"ನೀ" ಎಂದಳು ಹಣಮಂತಮ್ಮ. ಆಗ ಅವಳಿಗೆ ಅಳು ಬಂತು.

ಎಲ್ಲ ಕೇಳಿದ ಮೇಲೆ ಗುರಪ್ಪ ಹೆಂಡತಿಯ ಹತ್ತಿರ ಬಂದ. ಹೆಂಡತಿಯ ಬರಿದಾದ ಎಡಗೈ ಹಿಡಿದು ನೋಡಿದ. ಆಮೇಲೆ ಎಲ್ಲರ ಕಡೆ ತಿರುಗಿದ.

"ಕಾಗಿ ತಲಿ ಮುಟ್ಟಿದ್ರ ಬೀಗರಿಗೆ ಸುಳ್ಳ ಸುದ್ದಿ ಕಳಸಂಗಿಲ್ಲೇನು, ಇಂಥವ ಸತ್ತ ಅಂತ? ಅವರು ಅತ್ತರ ಗಂಡಾಂತರ ಕಳೀತದಂತ. ಹರಗೋಲು ಹರಿದಾಗ ನಾ ನೀರಾಗ ಮುಳುಗಿದ್ದೆ. ನೀವಿಲ್ಲಿ ಅತ್ತೀರಿ, ನಾ ಅಲ್ಲಿ ಎದ್ದೆ. ಹಂಗಂತ ತಿಳಕೋರಿ. ಬಳಿ ಒಡೆದದ್ದಕ್ಕ ದೋಷ ಇಲ್ಲ. ಇಕಿಗೆ ನಾನೇ ಹೊಸಾವು ಇಡಸ್ತೀನಿ." ಮಸ್ತಾನಸಾಬನ ಹೆಗಲಿಗೆ ಕೈ ಹಾಕಿದ. "ಈ ಮುದುಕಗ ಮಾತ್ರ ಇನ್ನಮ್ಯಾಲ ಯಾರೂ ಹೂವು ಮಾರಬ್ಯಾಡ್ರಿ."

ಜನ ನಕ್ಕರು. ಅಮಾತೆಪ್ಪ ನಗಲಾರದೆ ಮುಖ ಮರೆಸಿದ.

ದೇವಿಂದ್ರ ಟಾಂಗಾ ಹತ್ತುವ ಮೊದಲು ಮೌನಮ್ಮ ಒದ್ದೆ ಬಟ್ಟೆಯ ತುಂಡು ತಂದು ಅವನ ಕೈಗೆ ತುರುಕಿದಳು. "ತುಟಿ ಒರಸ್ಕೋ."

ಅವನು ಒರಸಿಕೊಂಡ.

"ಇನ್ನೊಮ್ಮೆ ನನ್ನ ಮುಂದ ಸುಳ್ಳ ಹೇಳಬ್ಯಾಡ."

"ಹೇಳಂಗಿಲ್ರಿ."

"ಹಂಗಾದ್ರ ಖರೇ ಹೇಳು. ಇಡೀ ದಿನ ದಂಡಿಗೆ ಕುಂತಿದ್ದು ಮಸ್ತಾನ ಮುತ್ಯಾನ ಸಲುವಾಗೇನು?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ. "ಮೊದಲು ಹಂಗೇ ಇತ್ರಿ."

"ಆಮ್ಯಾಲ?"

"ಆಮ್ಯಾಲ ನೀವು ಸಿಟ್ಟಲೆ ರೊಟ್ಟಿ ತಂದ್ರಿ. ಅಮಾತೆಪ್ಪ ಕಾಕಾ ಎದ್ದು ಹೋಗು ಅಂದಿದ್ರೂ... ನಾ ಹೋಗ್ತಿರಲಿಲ್ಲ."

ಮೌನಮ್ಮನ ಮುಖಕ್ಕೆ ರಕ್ತ ಏರಿತು. ದಿನವೆಲ್ಲ ಏರಿದ್ದ ರಕ್ತಕ್ಕಿಂತ ಇದು ಬೇರೆ. ಟಾಂಗಾದ ಕುದುರೆ ಕಾಲು ಕೆದರಿತು. ಅವಳು ಅದರ ಹಗ್ಗದ ಕಡೆ ನೋಡುತ್ತ ಕೇಳಿದಳು:

"ನಿಮ್ಮ ಮನ್ಯಾಗ ಹಿರ್ಯಾರು ಯಾರದಾರ?"

"ಅಪ್ಪ, ಅವ್ವ, ಆಯಿ... ಎಲ್ಲಾರೂ ಅದಾರ್ರಿ."

"ಕರಕೊಂಡು ಬರ್ರಿ."

ಕೇಳಿದ್ದು ನಿಜವೋ ಎಂಬಂತೆ ಅವನು ನಿಂತ. ಆಮೇಲೆ ಅವಸರದಿಂದ ಹೇಳಿದ: "ನಾಳೇನ ಬರ್ತೇವ್ರಿ."

"ನಾಳಿ ಅಮಾಸಿ" ಎಂದಳು ಮೌನಮ್ಮ. "ನಾಡಿದ್ದ ಬರ್ರಿ."